ಕರಿ ಐದು

ನಾನೊಂದು ಕಾಲ್ಪೆಟ್ಟಿಗೆ. ಅಂದರೆ ಕಾಲಿನಿಂದ ತಿದಿ ಒತ್ತಿ, ಎರಡೂ ಕೈಯಿಂದ ನುಡಿಸುವ ದೊಡ್ಡ ಹಾರ್ಮೋನಿಯಂ. ಭಜನೆಯವರ ಸಣ್ಣ ಪೆಟ್ಟಿಗೆ ಅಂದುಕೊಂಡೀರಿ ಮತ್ತೆ, ನನಗೆ ಸಿಟ್ಟು ಬರುತ್ತದೆ! ಬೆಳಗಾವಿಯ ಓಣಿಯೊಂದರಲ್ಲಿ ಸಾಗವಾನಿ ಕಟ್ಟಿಗೆಯಿಂದ ಹುಟ್ಟಿದೆ. ಮೊದಲು ಒಬ್ಬ ಸಾಹುಕಾರರ ಮನೆಯಲ್ಲಿ ಹೂದಾನಿ ಹೊತ್ತುಕೊಂಡು ನಿಂತಿದ್ದೆ. ಆ ಮನೆಯಲ್ಲಿ ಸಂಗೀತವೆಂದರೆ ಕತ್ತೆಗೆ ಕಸ್ತೂರಿ. ಸುಮ್ಮನೆ ಜಾಗ ಹಿಡೀತದ ಅಂತ ಗೊಣಗಿ, ಸೊಸೆ ನನ್ನನ್ನು ನಾಟಕ ಕಂಪನಿಯೊಂದಕ್ಕೆ ಕೊಡಿಸಿದಳು. ಅವಳ ಹೊಟ್ಟೆ ತಣ್ಣಗಿರಲಿ.

ಕಂಪನಿಯಲ್ಲಿ ದಸ್ತಗೀರಸಾಬ ಮಾಸ್ತರ ನನ್ನನ್ನು ನುಡಿಸುತ್ತಿದ್ದ. ರಂಗದ ಮುಂದಿನ ತಗ್ಗಿನಲ್ಲಿ ನಾವಿಬ್ಬರೂ, ಮೇಲೆ ಬೆಳಕಿನಲ್ಲಿ ಚಂಪಾಬಾಯಿ. ಅಬ್ಬಾ, ಏನು ದನಿ ಅದು! ಅವಳ ಶ್ರುತಿ ಕರಿ ಐದು, ಅಂದರೆ ಬೆರಳೊತ್ತುವ ನನ್ನ ಕಪ್ಪು ಮನೆಗಳಲ್ಲಿ ಐದನೆಯದು. ಆ ಎತ್ತರಕ್ಕೆ ಹತ್ತಿ ನಿಂತು ಹಾಡುವವರು ಆ ಸೀಮೆಯಲ್ಲೇ ಇರಲಿಲ್ಲ. ಹಾಡು ಮುಗಿದರೆ ಸಾಕು, ಜನ "ವನ್ಸ್ ಮೋರ್!" ಎಂದು ಕೂಗುತ್ತಿದ್ದರು. ಅವಳು ಕೈಮುಗಿದು ಮತ್ತೆ ಹಾಡುತ್ತಿದ್ದಳು. ಮಾಸ್ತರ ಲಗ್ನವಾಗಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ, ನನಗಂತೂ ಗೊತ್ತಿತ್ತು.

ವಯಸ್ಸು ಯಾರಪ್ಪನ ಮಾತು ಕೇಳುತ್ತದೆ? ಒಂದು ವರ್ಷ ಅವಳ ದನಿ ಮೇಲಿನ ಷಡ್ಜದಲ್ಲಿ ನಡುಗಿತು. ಮರುದಿನ ಮಾಸ್ತರ ಸದ್ದಿಲ್ಲದೆ ಒಂದು ಮನೆ ಕೆಳಗೆ, ಬಿಳಿ ಆರಕ್ಕೆ ಇಳಿದ. ಮೇಲೆ ನಿಂತವಳಿಗೆ ನನ್ನ ಮನೆಗಳು ಕಾಣುತ್ತಿರಲಿಲ್ಲ. ಮಾಸ್ತರ ಕೊಟ್ಟ ಸ್ವರವನ್ನು ಅವಳು ಕಣ್ಣುಮುಚ್ಚಿ ನಂಬುತ್ತಿದ್ದಳು. ಕೆಲವು ವರ್ಷ ಬಿಟ್ಟು ಕರಿ ನಾಲ್ಕು, ಆಮೇಲೆ ಬಿಳಿ ಐದು, ಒಟ್ಟು ಮೂರು ಮನೆ ಕೆಳಗೆ. ತಾನು ಇಳಿಯುತ್ತಿದ್ದೇನೆಂದು ಪಾಪ ಅವಳಿಗೆ ತಿಳಿಯಲೇ ಇಲ್ಲ. "ನೋಡ್ರಿ ಮಾಸ್ತರ, ಈ ವಯಸ್ಸಿನಾಗೂ ನನ್ನ ದನಿ ಜಗ್ಗಿಲ್ಲ" ಎಂದು ನಗುತ್ತಿದ್ದಳು. ಅವನು "ಹೌದ್ರಿ ಬಾಯಾರ" ಎಂದು ತಲೆ ತಗ್ಗಿಸುತ್ತಿದ್ದ.

ಬಾಗಲಕೋಟೆ ಕಡೆಯ ಒಂದೂರಲ್ಲಿ ಅವಳಿಗೆ ಸನ್ಮಾನ ಇಟ್ಟುಕೊಂಡರು. ಶಾಸಕರು ಶಾಲು ಹೊದಿಸಿದರು. ಚಂಪಾಬಾಯಿ ಮೈಕಿನ ಮುಂದೆ ನಿಂತು, "ಈಗಿನ ಹುಡುಗೀರು ಎಲ್ಲೆಲ್ಲೋ ಇಳದು ಹಾಡ್ತಾರ. ನಾ ಇವತ್ತಿಗೂ ಕರಿ ಐದರಾಗ ಹಾಡ್ತೀನಿ. ಕೊಡ್ರಿ ಮಾಸ್ತರ!" ಅಂದುಬಿಟ್ಟಳು. ಮಾಸ್ತರನ ಬೆರಳು ಎಂದಿನಂತೆ ಬಿಳಿ ಐದರತ್ತ ಹೊರಟಿತ್ತು. ಆದರೆ ಪಕ್ಕದಲ್ಲಿ ಸನ್ಮಾನದವರು ಕರೆಸಿದ್ದ ಕೀಬೋರ್ಡಿನವನೊಬ್ಬ ಕೂತಿದ್ದ, ಅವನಿಗೇನು ಗೊತ್ತು? ಕೇಳಿದ್ದನ್ನೇ ಒತ್ತಿದ. ಕರಿ ಐದು ಸ್ಪೀಕರಿನಲ್ಲಿ ಮೊಳಗಿತು.

ಮೊದಲ ಸಾಲು ಹೇಗೋ ಬಂತು. ಎರಡನೆಯದಕ್ಕೆ ಮೇಲೆ ಹತ್ತಿದಳು, ದನಿ ಒಡೆಯಿತು. ಕೆಟ್ಟದಾಗಿ ಒಡೆಯಿತು. ಸಭೆಯ ಹಿಂದಿನಿಂದ ಯಾವನೋ ಕೂಗಿದ: "ವನ್ಸ್ ಮೋರ್!"

ಜನ್ಮವಿಡೀ ಆ ಮಾತನ್ನು ಪ್ರಸಾದದಂತೆ ಸ್ವೀಕರಿಸಿದವಳು ಅವಳು. ಕೈಮುಗಿದಳು, ಮತ್ತೆ ಹಾಡಿದಳು. ಮತ್ತೆ ಒಡೆಯಿತು. ಈಗ ಹತ್ತಾರು ಮಂದಿ ಕೂಗಿದರು. ಮುಂದಿನ ಸಾಲಿನ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು, ಮೊಬೈಲುಗಳು ಮೇಲೆದ್ದವು. ಆಗ ಅವಳಿಗೆ ತಿಳಿಯಿತು. ತಿಳಿದದ್ದು ಅವಳ ಮುಖದಲ್ಲಿ ಕಂಡಿತು, ಅದನ್ನು ನಾನು ನೋಡಬಾರದಿತ್ತು.

ಸಭೆ ಕರಗಿದ ಮೇಲೆ ನೇರ ನನ್ನ ಬಳಿ ಬಂದಳು.

"ಕರಿ ಐದು ಒತ್ರಿ."

ಮಾಸ್ತರ ಒತ್ತಿದ.

"ಈಗ, ನೀವು ದಿನಾ ನನಗ ಕೊಡೋದನ್ನ ಒತ್ರಿ."

ಬಿಳಿ ಐದು ನುಡಿಯಿತು. ಅವಳು ಕೇಳಿಸಿಕೊಂಡು ನಿಂತಳು.

"ಇಷ್ಟು ಇಳದಿದ್ನೇನು ನಾ? ಯಾಕ ಹೇಳಲಿಲ್ರಿ?"

"ಹೇಳಿದ್ರ ನೀವು ಹಾಡೋದು ಬಿಡ್ತಿದ್ರಿ, ಬಾಯಾರ. ನಿಮ್ಮ ಹಾಡು ಇಲ್ಲದ ನಾ ಹೆಂಗ ಇರಲಿ?"

"ಬಿಡ್ತಿದ್ದೆ. ಮಾನದಿಂದ ಬಿಡ್ತಿದ್ದೆ. ಆ ಮಂದಿ ಒಂದು ಸಂಜಿ ನಕ್ಕರು ಮಾಸ್ತರ. ನೀವು ಇಷ್ಟು ವರ್ಷ ನನ್ನ ನಗಿಪಾಟಲಾಗೋ ಹಂಗ ಬೆಳಸಿದ್ರಿ."

ಹೆಗಲ ಮೇಲಿನ ಶಾಲು ತೆಗೆದು ನನ್ನ ಮೇಲಿಟ್ಟು ಹೊರಟುಹೋದಳು. ಮತ್ತೆ ಅವನೊಂದಿಗೆ ಮಾತಾಡಲಿಲ್ಲ. ಮತ್ತೆಲ್ಲೂ ಹಾಡಲೂ ಇಲ್ಲ. ಜಮಖಂಡಿಯಲ್ಲಿ ತಂಗಿಯ ಮಗಳ ಮನೆಯಲ್ಲಿ ತೀರಿಕೊಂಡಳು. ಮಣ್ಣಾದ ಮೇಲೆ ನಮಗೆ ಸುದ್ದಿ ಬಂತು.

ಕಂಪನಿ ಮುಚ್ಚಿದಾಗ ಮಾಸ್ತರ ನನ್ನನ್ನು ತನ್ನ ಮನೆಗೆ ತಂದ. ಈಗ ಕಿಟಕಿಯ ಪಕ್ಕ ಇದ್ದೇನೆ. ತಿದಿಯನ್ನು ಇಲಿಗಳು ಕಡಿದಿವೆ. ಒತ್ತಿದರೆ ಬರೀ ಗಾಳಿ. ಅವನು ರಿಪೇರಿ ಮಾಡಿಸಲಿಲ್ಲ, ನಾನೂ ಬಯಸಲಿಲ್ಲ.

ಅಷ್ಟು ವರ್ಷ ಸೀಮೆಯನ್ನೇ ಕುಣಿಸಿದ ದನಿಯನ್ನು ಯಾರೂ ಒಂದು ಕ್ಯಾಸೆಟ್ಟಿಗೂ ಹಿಡಿದಿಡಲಿಲ್ಲ. ಅವಳ ದನಿಯೆಂದು ಈ ಲೋಕದಲ್ಲಿ ಉಳಿದಿರುವುದು, ಆ ಸಂಜೆ ನಗುವುದಕ್ಕೆಂದೇ ಮಂದಿ ಮೊಬೈಲಿನಲ್ಲಿ ಹರಿಬಿಟ್ಟ ಆ ತುಣುಕೊಂದೇ. ಮಾಸ್ತರ ದಿನಾ ನನ್ನ ಮುಂದೆ ಕೂತು ಅದನ್ನು ಹಚ್ಚುತ್ತಾನೆ. ಮೊದಲ ಸಾಲು ಕೇಳುತ್ತಾನೆ. ಎರಡನೆಯದು ಶುರುವಾಗುವ ಮೊದಲೇ ಗಡಬಡಿಸಿ ಹೆಬ್ಬೆರಳಿಟ್ಟು ನಿಲ್ಲಿಸುತ್ತಾನೆ.