ತಂಗಿಯ ಬೀಜದ ಮರ

ಅಪ್ಪ ಹಂಚಿಕೊಟ್ಟ ಕಾಡಿನಲ್ಲಿ ನನ್ನ ಪಾಲನ್ನು ಒಮ್ಮೆಗೇ ಕಡಿಸಿ, ಸಾಲಾಗಿ ಸಸಿ ನೆಟ್ಟೆ. ಲಾಭ ಬೇಗ ಬಂತು. ಆದರೆ ಬಿಸಿಲಿಗೆ ನೆಲ ಕಾದು ಸಸಿಗಳು ಒಣಗಿದವು. ತಂಗಿ ವರ್ಷಕ್ಕೆ ಕೆಲವೇ ಮರ ಆರಿಸಿ ಕಡಿಸುತ್ತಾಳೆ. ಅವಳ ಕಾಡು ಇನ್ನೂ ತಂಪಾಗಿದೆ. ಮರದ ವ್ಯಾಪಾರಿಯೂ ಮೊದಲು ಅಲ್ಲಿಗೇ ಹೋಗುತ್ತಾನೆ. ನನಗೆ ಹೊಟ್ಟೆಯುರಿ.

ಈ ಸಲ ಕಡಿಯಬೇಕಾದ ಮರಗಳಿಗೆ ಬಣ್ಣದ ಗುರುತು ಹಾಕಲು ನನ್ನನ್ನೇ ಕರೆದಳು. "ನಿನ್ನ ಕಣ್ಣು ಹೇಗೂ ನನ್ನ ಕಾಡಿನ ಮೇಲೇ ಇರುತ್ತಲ್ಲಕ್ಕಾ!" ಎಂದು ನಕ್ಕಳು.

ಅವಳು ಆಚೆ ತಿರುಗಿದಾಗ ಅತಿ ದಪ್ಪ ಮರಕ್ಕೇ ಗುರುತು ಎಳೆದೆ. ಸುತ್ತಲಿನ ಸಸಿಗಳೆಲ್ಲ ಅದರ ಬೀಜದಿಂದಲೇ ಹುಟ್ಟಿದ್ದವೆಂದು ನನಗೆ ಗೊತ್ತಿತ್ತು.

"ಅಯ್ಯೋ ಅಕ್ಕಾ, ಅದು ಬೇಡ! ಅದರ ಬೀಜ ನಿನ್ನ ಕಡೆ ಬಿತ್ತೋಣ ಅಂತಿದ್ದೆ."

ಬಣ್ಣ ಆರುವ ಮೊದಲೇ ಅಂಗೈಯಿಂದ ಒರೆಸಿದೆ. ಒಳ್ಳೆಯತನದಲ್ಲೂ ಅವಳೇ ಮುಂದು ಎಂದು ಮತ್ತೆ ಹೊಟ್ಟೆ ಉರಿಯಿತು.