ಬರ್ತೀನಿ ಅಂದವಳು

ಸೊಸೆ ಕಣ್ಣಿನ ಡಾಕ್ಟರು, ಮಗನದು ಕನ್ನಡಕದ ಅಂಗಡಿ. ಹೊರದೇಶದ ಆಸ್ಪತ್ರೆಯೊಂದರಲ್ಲಿ ಹದಿನೈದು ದಿನ ಪುಕ್ಕಟೆ ಸೇವೆ ಮಾಡಲು ಇಬ್ಬರೂ ಹೊರಟರು, ಅಮ್ಮನನ್ನೂ ಜೊತೆಗೆ ಕರೆದುಕೊಂಡರು. ಅಮ್ಮನಿಗೆ ಅಲ್ಲಿ ಏನು ಕೆಲಸ ಅಂತ ಮಾತ್ರ ಯಾರೂ ಯೋಚಿಸಿರಲಿಲ್ಲ. ಮೂವತ್ತು ವರ್ಷ ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತಳಾದವಳು; ಮನೆಯವರಿಗೂ ನೆರೆಯವರಿಗೂ ಇವತ್ತಿಗೂ ಕಂಡಕ್ಟರಮ್ಮನೇ.

ಮೊದಲ ವಾರ ಬರೀ ತಪಾಸಣೆ. ಊರಿನ ಒಂದೊಂದು ಬಡಾವಣೆಯಲ್ಲಿ ಒಂದೊಂದು ಶಾಲೆಯ ಹಾಲ್ ಹಿಡಿದು, ಕಣ್ಣಿಗೆ ಪೊರೆ ಬಂದವರಿಗೆ ಆಸ್ಪತ್ರೆಗೆ ಬರುವ ತಾರೀಕು ಬರೆದು ಚೀಟಿ ಕೊಡುತ್ತಿದ್ದರು. ಕಂಡಕ್ಟರಮ್ಮ ಎರಡು ದಿನ ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುವ ಹಾಗೆ ಮೂಲೆಯಲ್ಲಿ ಕೂತಳು. ಮೂರನೆಯ ದಿನ ಯಾರೋ ಸಾಲು ಮುರಿದು ನುಗ್ಗಿದರು. ಅವಳು ಎದ್ದು ನಿಂತು, "ಒಬ್ಬೊಬ್ರೇ ಬನ್ನಿ, ಬಾಗಿಲಲ್ಲಿ ನಿಲ್ಬೇಡಿ, ಒಳಗೆ ಜಾಗ ಇದೆ" ಎಂದು ಗದರಿದಳು. ಒಂದಕ್ಷರ ತಿಳಿಯದಿದ್ದರೂ ಸಾಲು ನೂಲು ಹಿಡಿದಂತೆ ನೆಟ್ಟಗಾಯಿತು. ಬಾಯಿ ಇದ್ದವಳು ಬರಗಾಲದಲ್ಲೂ ಬದುಕಿದಳಂತೆ. ಅವತ್ತಿನಿಂದ ಸಾಲು ಅವಳದ್ದೇ ಆಯಿತು.

ಅಲ್ಲಿಯ ನರ್ಸ್ ಹುಡುಗಿಯೊಬ್ಬಳು ನಮ್ಮ ಕಡೆ ನಾಲ್ಕು ವರ್ಷ ಓದಿದವಳು, ಕನ್ನಡ ಬರುತ್ತಿತ್ತು. ಮೂರನೆಯ ಹಾಲೇ ಕಡೆಯದು; ಅಲ್ಲಿ ಕಂಡಕ್ಟರಮ್ಮ ಅವಳನ್ನು ತಡೆದು ಕೇಳಿದಳು: "ಏನಮ್ಮ, 'ಬರ್ತೀನಿ' ಅನ್ನೋಕೆ ನಿಮ್ಮ ಭಾಷೇಲಿ ಏನಂತಾರೆ?"

ಕೈತುಂಬ ಔಷಧದ ಸೀಸೆ ಹಿಡಿದಿದ್ದ ಹುಡುಗಿ, ಯಾಕೆ ಏನು ಅಂತ ಕೇಳದೆ, ಒಂದು ಮಾತು ಹೇಳಿ ಓಡಿದಳು. ಕಂಡಕ್ಟರಮ್ಮ ಅದನ್ನು ಹತ್ತು ಸಲ ಉರು ಹೊಡೆದಳು. ಎದ್ದು ಹೊರಡುವಾಗ 'ಹೋಗ್ತೀನಿ' ಅನ್ನುವುದು ಅಪಶಕುನ, 'ಬರ್ತೀನಿ' ಅನ್ನಬೇಕು ಎಂದು ಅವಳ ಅಜ್ಜಿ ತಲೆಗೆ ಮೊಟಕಿ ಕಲಿಸಿದ್ದಳು. ಅದರಲ್ಲೂ ಆಪರೇಷನ್ನಿಗೆ ಹೆದರಿ ಅಳುವವರ ಎದುರು ಬಾಯಲ್ಲಿ ಕೆಟ್ಟ ಮಾತು ಬರಬಾರದಲ್ಲ.

ಆ ಹಾಲಿನಲ್ಲಿ ಎಲ್ಲರಿಗಿಂತ ಹೆಚ್ಚು ಹೆದರಿದ್ದವಳು ಒಬ್ಬ ಟೈಲರಮ್ಮ. ಎರಡೂ ಕಣ್ಣಿಗೆ ಪೊರೆ. ಸೂಜಿಗೆ ದಾರ ಪೋಣಿಸಲಾಗದೆ ಎರಡು ವರ್ಷದಿಂದ ಮಿಷನ್ನಿಗೆ ಬಟ್ಟೆ ಮುಚ್ಚಿದ್ದಳು. ಜೀವನವೆಲ್ಲ ಕತ್ತರಿ ಹಿಡಿದವಳಿಗೆ ಕಣ್ಣಿನ ಹತ್ತಿರ ಕತ್ತರಿ ಬರುತ್ತದೆ ಅಂದರೆ ಅಳುವೇ ನಿಲ್ಲುತ್ತಿರಲಿಲ್ಲ. ಕಂಡಕ್ಟರಮ್ಮ ಅವಳ ಕೈ ಹಿಡಿದು ಅರ್ಧ ಗಂಟೆ ಕೂತಳು. ಇವಳು ಕನ್ನಡದಲ್ಲಿ ಬಸ್ಸಿನ ಕಥೆ ಹೇಳಿದಳು, ಅವಳು ತನ್ನ ಭಾಷೆಯಲ್ಲಿ ಏನೋ ಹೇಳಿದಳು, ಇಬ್ಬರಿಗೂ ಸಮಾಧಾನವಾಯಿತು. ಎದ್ದಾಗ ಕಂಡಕ್ಟರಮ್ಮ ಕಲಿತ ಮಾತನ್ನು ಅಚ್ಚುಕಟ್ಟಾಗಿ ಹೇಳಿದಳು. ಟೈಲರಮ್ಮ ಅಳು ನಿಲ್ಲಿಸಿ ತಲೆ ಆಡಿಸಿದಳು. ಹೆದರಿದ್ದ ಇನ್ನೂ ನಾಲ್ವರಿಗೆ ಇದೇ ಉಪಚಾರವಾಯಿತು.

ಎರಡನೆಯ ವಾರ ಆಪರೇಷನ್. ಸೊಸೆ ಬೆಳಗಿನಿಂದ ಸಂಜೆವರೆಗೆ ಸೂಕ್ಷ್ಮದರ್ಶಕದ ಮೇಲೆ ಬಗ್ಗಿರುತ್ತಿದ್ದಳು, ಮಗ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುತ್ತಿದ್ದ. ಕಂಡಕ್ಟರಮ್ಮ ಬೆಂಚಿನ ಮೇಲೆ ಕೂತವರಿಗೆ ಹತ್ತು ನಿಮಿಷಕ್ಕೊಮ್ಮೆ ಪಾಪೆ ಅಗಲವಾಗುವ ಹನಿ ಹಾಕಿಸಿ, ಸರದಿ ಬಂದಾಗ ತಳ್ಳುಗಾಡಿಯ ಬೆನ್ನು ತಟ್ಟಿ "ರೈಟ್" ಅನ್ನುತ್ತಿದ್ದಳು. ಎರಡೇ ದಿನದಲ್ಲಿ ಅಲ್ಲಿಯ ಆಯಾಗಳೂ "ರೈಟ್" ಅನ್ನದೆ ಗಾಡಿ ಅಲುಗಿಸುತ್ತಿರಲಿಲ್ಲ. ಇಷ್ಟು ಸುಖವಾಗಿ ಅವಳು ನಿವೃತ್ತಿಯಾದ ಮೇಲೆ ಒಂದು ದಿನವೂ ಇದ್ದಿರಲಿಲ್ಲ.

ಆದರೆ ಟೈಲರಮ್ಮ ತನ್ನ ತಾರೀಕಿಗೆ ಬರಲಿಲ್ಲ. ಮರುದಿನವೂ ಇಲ್ಲ. ಕಡೆಯ ಆಪರೇಷನ್ ದಿನ ಬೆಳಿಗ್ಗೆ ಸೊಸೆ ಪಟ್ಟಿ ಹಿಡಿದು ಬಂದಳು.

"ಅತ್ತೆ, ಐದು ಜನ ಬಂದೇ ಇಲ್ಲ. ಹೆದರ್ಕೊಂಡಿರ್ಬೇಕು. ಹನ್ನೆರಡರವರೆಗೆ ನೋಡ್ತೀನಿ, ಆಮೇಲೆ ಆ ಲೆನ್ಸೆಲ್ಲ ಬೇರೆಯವರಿಗೆ ಕೊಟ್ಬಿಡ್ಬೇಕಾಗುತ್ತೆ. ನಾಳೆ ಮಿಷನ್ ಪ್ಯಾಕ್ ಮಾಡ್ಬೇಕು."

"ಯಾರ್‍ಯಾರು?"

ಐದೂ ಮೂರನೆಯ ಹಾಲಿನವರು. ಐವರ ಕೈಯನ್ನೂ ಇವಳೇ ಹಿಡಿದಿದ್ದಳು. ಕಂಡಕ್ಟರಮ್ಮ ಹೋಗಿ ನರ್ಸ್ ಹುಡುಗಿಯನ್ನು ಎಳೆದುಕೊಂಡು ಬಂದಳು. ನರ್ಸ್ ಹುಡುಗಿ ಟೈಲರಮ್ಮನ ಪಕ್ಕದ ಅಂಗಡಿಗೆ ಫೋನ್ ಮಾಡಿದಳು. ಮಾತಾಡುತ್ತ ಆಡುತ್ತ ಅವಳ ಮುಖ ಬದಲಾಯಿತು.

"ಅಮ್ಮ, ಅವ್ರು ನಾಲ್ಕು ದಿನದಿಂದ ಚೀಲ ತುಂಬ್ಕೊಂಡು ಬಾಗಿಲಲ್ಲೇ ಕೂತಿದಾರಂತೆ. ಆಸ್ಪತ್ರೆ ಹೆಂಗಸು ನಾನೇ ಬರ್ತೀನಿ ಅಂದಿದಾಳೆ, ಅವಳು ಬಂದು ಕರ್ಕೊಂಡು ಹೋಗ್ಲಿ ಅಂತಿದಾರಂತೆ. ನೀವು ಹಾಗಂದ್ರಾ?"

"ನಾನೆಲ್ಲಿ ಅಂದೆ? ಏಳೋವಾಗ ಬರ್ತೀನಿ ಅಂತ..."

ಹುಡುಗಿ ಹಣೆ ಹಣೆ ಚಚ್ಚಿಕೊಂಡು ನಕ್ಕಳು. "ಅಯ್ಯೋ, ನೀವು ಆ ಬರ್ತೀನಿ ಕೇಳಿದ್ದಾ? ನಮ್ಮಲ್ಲಿ ಬರ್ತೀನಿ ಅಂದ್ರೆ ಬರ್ತೀನಿ ಅಂತಾನೇ. ನಿಮ್ಮೂರಿಗೆ ಬಂದ ಹೊಸದ್ರಲ್ಲಿ ಹಾಸ್ಟೆಲ್ ವಾರ್ಡನ್ ಬರ್ತೀನಮ್ಮ ಅಂತ ಹೋದ್ರು, ನಾನು ಒಂದು ಗಂಟೆ ಟೀ ಮುಚ್ಚಿಟ್ಕೊಂಡು ಕೂತಿದ್ದೆ."

ಕಂಡಕ್ಟರಮ್ಮನಿಗೆ ನಗು ಬರಲಿಲ್ಲ. ನಾಚಿಕೆಯಿಂದ ಕಣ್ಣು ತುಂಬಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೂವತ್ತು ವರ್ಷದಲ್ಲಿ ಸ್ಟಾಪಿನಲ್ಲಿ ಓಡಿ ಬರುವವರನ್ನು ಬಿಟ್ಟು ಒಂದು ದಿನ ಸೀಟಿ ಊದಿದವಳಲ್ಲ ಅವಳು. ಈಗ ಕಣ್ಣು ಕಾಣದ ಐದು ಜನ ತನ್ನ ಮಾತು ನಂಬಿ ದಾರಿ ಕಾಯುತ್ತಿದ್ದಾರೆ.

"ಗಂಟೆ ಎಷ್ಟು?"

"ಒಂಬತ್ತೂವರೆ."

"ವ್ಯಾನ್ ತೆಗೆಸು. ನೀನೂ ಬಾ."

ಡ್ರೈವರು ಮುಂದಿನ ಸೀಟು ತೋರಿಸಿದ. ಕಂಡಕ್ಟರಮ್ಮ ಹಿಂದೆ ಬಾಗಿಲ ಪಕ್ಕ ಕಂಬಿ ಹಿಡಿದು ನಿಂತಳು. ಕೂತರೆ ಅವಳಿಗೆ ರಸ್ತೆ ಕಾಣುವುದಿಲ್ಲ. ಮೊದಲು ಸಿಕ್ಕಿದವನು ಕ್ಷೌರದವನು, ಆಮೇಲೆ ಅಕ್ಕತಂಗಿ ಇಬ್ಬರು, ಆಮೇಲೆ ಕಿವಿಯೂ ಮಂದವಾದ ಮುದುಕ. ಎಲ್ಲರೂ ಚೀಲ ಕಟ್ಟಿಕೊಂಡೇ ಕೂತಿದ್ದರು. ಅಕ್ಕ ಬಾಚಣಿಗೆ ಮರೆತೆ ಎಂದು ಇಳಿದು ಮತ್ತೆ ಹತ್ತು ನಿಮಿಷ ತಿಂದಳು. ಹನ್ನೊಂದೂಕಾಲಿಗೆ ವ್ಯಾನ್ ಟೈಲರಮ್ಮನ ಅಂಗಡಿಯ ಮುಂದೆ ನಿಂತಿತು.

ಹೊಸ್ತಿಲ ಮೇಲೆ ಚೀಲ ಮಡಿಲಲ್ಲಿಟ್ಟುಕೊಂಡು ಅವಳು ಬೀದಿಯ ಕಡೆಗೆ ಮುಖ ಮಾಡಿದ್ದಳು. ಕಂಡಕ್ಟರಮ್ಮ "ಏಳಮ್ಮ, ಬಂದೆ" ಅಂದಳು. ದನಿ ಗುರುತು ಹಿಡಿದು ಟೈಲರಮ್ಮ ಕೈ ಚಾಚಿ ಏನೋ ಅಂದಳು.

"ಬರ್ತೀನಿ ಅಂದ್ರಿ, ಬಂದ್ರಿ. ನಾಲ್ಕು ದಿನ ಲೇಟು ಅಂತಿದಾರೆ" ಎಂದಳು ನರ್ಸ್ ಹುಡುಗಿ.

"ಬಸ್ಸು ಅಂದ್ಮೇಲೆ ಲೇಟು ಇದ್ದದ್ದೇ ಅನ್ನು."

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಆಸ್ಪತ್ರೆ ಮುಟ್ಟಿದರು. ಸೊಸೆ ಬಾಗಿಲಲ್ಲೇ ನಿಂತಿದ್ದಳು.

"ಐದೂ ಜನಾನಾ ಅತ್ತೆ?"

"ಐದೂ. ತಪ್ಪು ನಂದೇ ಕಣಮ್ಮ, ಆಮೇಲೆ ಹೇಳ್ತೀನಿ. ನಿನ್ನ ಊಟದ ಹೊತ್ತು ಮೀರತ್ತೆ."

"ಊಟ ಎಲ್ಲಿ ಓಡಿ ಹೋಗುತ್ತೆ" ಎಂದು ಸೊಸೆ ಕೈ ತೊಳೆಯಲು ಹೋದಳು. ಟೈಲರಮ್ಮನ ಗಾಡಿ ಎಲ್ಲಕ್ಕಿಂತ ಕಡೆಗೆ ಒಳಗೆ ಹೋಯಿತು. ಈ ಸಲ ಕಂಡಕ್ಟರಮ್ಮ ಬಾಗಿಲವರೆಗೂ ಗಾಡಿಯ ಜೊತೆಗೇ ನಡೆದು "ರೈಟ್" ಅಂದಳು.

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದಾಗ ಟೈಲರಮ್ಮ ಮೊದಲು ನೋಡಿದ್ದು ಕಂಡಕ್ಟರಮ್ಮನ ರವಿಕೆಯನ್ನು. ತೋಳಿನ ಹೊಲಿಗೆ ಹಿಡಿದು ನೋಡಿ ಮೂಗು ಮುರಿದಳು. ನರ್ಸ್ ಹುಡುಗಿ ಬಿದ್ದು ಬಿದ್ದು ನಕ್ಕಳು. "ಇದನ್ನ ಯಾರು ಹೊಲಿದದ್ದು, ಕಣ್ಣು ಕಾಣ್ತಿರ್ಲಿಲ್ವಾ ಅಂತಿದಾರೆ."

ಹೊರಡುವ ದಿನ ಟೈಲರಮ್ಮ ಕೊರಳಿಗೆ ಅಳತೆ ಟೇಪು ಹಾಕಿಕೊಂಡು ಬಂದಳು. ಒಂದು ಕಣ್ಣು ಈಗ ಚೆನ್ನಾಗಿತ್ತು, ಇನ್ನೊಂದು ಮುಂದಿನ ವರ್ಷದ ಶಿಬಿರಕ್ಕೆ. ನರ್ಸ್ ಹುಡುಗಿ ಕಂಡಕ್ಟರಮ್ಮನಿಗೆ ಈ ಸಲ ಸರಿಯಾದ ಮಾತು ಕಲಿಸಿದ್ದಳು: ಹೋಗುತ್ತೇನೆ, ಚೆನ್ನಾಗಿರಿ. ಕಂಡಕ್ಟರಮ್ಮ ಎರಡು ಸಲ ಬಾಯಿ ತೆರೆದಳು. ನಾಲಿಗೆ ಹೊರಳಲಿಲ್ಲ.

ಸೊಸೆಯ ಕಡೆ ತಿರುಗಿದಳು. "ಮುಂದಿನ ವರ್ಷ ನೀನು ಬರ್ತೀಯಾ?"

"ಬರ್ತೀವಿ ಅತ್ತೆ. ನೀವಿಲ್ದೆ ಸಾಲು ಯಾರು ನೋಡ್ಕೋತಾರೆ?"

ಆಗ ಟೈಲರಮ್ಮನ ಕೈ ಹಿಡಿದು, ಅದೇ ಹಳೆಯ ಮಾತನ್ನು, ಅದರ ಅರ್ಥ ಪೂರ್ತಿ ಗೊತ್ತಿದ್ದೇ ಹೇಳಿದಳು. ಟೈಲರಮ್ಮ ಒಪ್ಪಿದಂತೆ ಕಾಣಲಿಲ್ಲ. ಅವಳನ್ನು ತಿರುಗಿಸಿ ನಿಲ್ಲಿಸಿ ಬೆನ್ನು, ಎದೆ, ತೋಳು ಅಳೆದಳು. ಟೇಪಿನ ಅಂಕಿಗಳನ್ನು ತಾನೇ ಓದಿ ತಾನೇ ಬರೆದುಕೊಂಡಳು. ಚೀಲದಿಂದ ನೀಲಿ ಬಟ್ಟೆ ತೆಗೆದು ತೋರಿಸಿ, ಅಂಚಿನಿಂದ ಒಂದು ಚೂರು ಕತ್ತರಿಸಿ ಕಂಡಕ್ಟರಮ್ಮನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

"ಹೊಲಿದಿಟ್ಟಿರ್ತಾರಂತೆ" ಎಂದಳು ನರ್ಸ್ ಹುಡುಗಿ. "ಈ ಚೂರು ತೋರಿಸಿದ್ರೆ ಮಾತ್ರ ಕೊಡೋದಂತೆ. ಬೇರೆಯವರ ಕೈಲಿ ಕಳಿಸಲ್ವಂತೆ."

ಜೀವಮಾನವಿಡೀ ಊರಿಗೆಲ್ಲ ಟಿಕೆಟ್ ಕೊಟ್ಟವಳು, ತನಗೆ ಸಿಕ್ಕಿದ್ದನ್ನು ಕಳೆದುಹೋಗದಂತೆ ಪರ್ಸಿನ ಒಳಜೇಬಿಗೆ ಹಾಕಿ, ವ್ಯಾನ್ ಹತ್ತಿದಳು. ಈ ಸಲ ಬಾಗಿಲಲ್ಲಿ ನಿಂತು "ರೈಟ್" ಅಂದದ್ದು ಟೈಲರಮ್ಮ.