ಒಂಬತ್ತು ಬಿಳಿ ಗಂಟು

ಯಲ್ಲದಕೆರೆಯ ಪಾಲಯ್ಯ ಗಬ್ಬದ ಕುರಿಯ ಹೊಟ್ಟೆ ಮುಟ್ಟಿ, ಹುಟ್ಟುವುದು ಟಗರುಮರಿಯೋ ಹೆಣ್ಣುಮರಿಯೋ ಹೇಳುತ್ತಿದ್ದ. ಸ್ವರಾಜ್ಯ ಬಂದ ವರ್ಷ ಶುರುವಾದದ್ದು. ಹದಿನೈದು ವರ್ಷ ಊರೆಲ್ಲ ಅವನ ಬಾಗಿಲಿಗೇ ಬರುತ್ತಿತ್ತು. ಈಗ ಅದೇ ಜನ ಅವನ ಬಾಗಿಲು ದಾಟಿ ತಮ್ಮನ ಹೆಂಡತಿ ಏಕನಾಥಮ್ಮನ ಮನೆಗೆ ಕುರಿ ಹೊಡೆದುಕೊಂಡು ಹೋಗುತ್ತಿದ್ದರು. ನಿನ್ನೆ ಮೊನ್ನೆ ಬಂದವಳು! ಎರಡು ಮಾತು ನಿಜವಾದದ್ದೇ ತಡ, ದೇವರಾಗಿಬಿಟ್ಟಳು. ಪಾಲಯ್ಯನಿಗೆ ತಿಂದ ಮುದ್ದೆ ಮೈಗೆ ಹತ್ತಲಿಲ್ಲ.

ಅವಳ ಬಣ್ಣ ಬಯಲಾಗಲೆಂದು ಅವನೇ ಒಂದು ದಾರ ತಂದ. ಅವಳ ಮಾತು ನಿಜವಾದರೆ ಅದಕ್ಕೆ ಬಿಳಿ ಉಣ್ಣೆಯ ಗಂಟು, ಸುಳ್ಳಾದರೆ ಕರಿಯದು.

"ನಿಂದೂ ಒಂದು ದಾರ ಇರ್ಲಿ ಬಿಡಪ್ಪ," ಎಂದರು ಊರ ಹಿರಿಯ ಮುದ್ದಣ್ಣ. "ಒಂದೇ ಕುರಿಗೆ ಇಬ್ರೂ ಹೇಳ್ರಿ."

ಇರಲಿ ಎಂದ. ತಪ್ಪಿದ ಮಾತು ಒಂದೂ ಅವನ ನೆನಪಿನಲ್ಲಿರಲಿಲ್ಲ.

ಒಂಬತ್ತು ಕುರಿ ಈದವು. ಅವಳ ದಾರದಲ್ಲಿ ಒಂಬತ್ತೂ ಬಿಳಿ. ಅವನದರಲ್ಲಿ ಐದು ಬಿಳಿ, ನಾಲ್ಕು ಕರಿ.

ಸಹಿಸಲಾರದೆ ಹೋಗಿ ಕೇಳಿಯೇಬಿಟ್ಟ. "ಯಾವ ದೇವ್ರು ಹೇಳ್ತಾನವ್ವ ನಿಂಗೆ?"

ಏಕನಾಥಮ್ಮ ಸೆರಗು ಬಾಯಿಗಿಟ್ಟು ನಕ್ಕಳು. "ಯಾವ ದೇವ್ರೂ ಇಲ್ಲ ಭಾವ. ಎಲ್ರಿಗೂ ಹೆಣ್ಣುಮರಿ ಅಂತೀನಿ. ಹಿಂಡು ಬೆಳೀತೈತೆ ಅಂತ ಕೇಳ್ದೋರಿಗೂ ಖುಷಿ. ಈ ಸಲ ಯಾಕೋ ಎಲ್ಲಾ ಹೆಣ್ಣೇ ಬಿದ್ವು."

ಪಾಲಯ್ಯ ಕುಣಿಯುವುದೊಂದು ಬಾಕಿ. ಒಂಬತ್ತು ಹೆಣ್ಣಾದ ಮೇಲೆ ಹತ್ತನೆಯದು ಟಗರಾಗದೆ ಎಲ್ಲಿಗೆ ಹೋದೀತು? ಮುದ್ದಣ್ಣನ ಕುರಿಗೆ ಟಗರು ಎಂದ. ಅವಳು ಎಂದಿನಂತೆ ಹೆಣ್ಣು ಎಂದಳು. ಟಗರೇ ಹುಟ್ಟಿತು.

"ನೋಡಿದ್ರಾ!" ಎಂದು ಅವನೇ ಅವಳ ದಾರಕ್ಕೆ ಕರಿ ಗಂಟು ಹಾಕಿದ.

"ಹತ್ತರಾಗೆ ಒಂದು ತಪ್ಪು," ಎಂದರು ಮುದ್ದಣ್ಣ. "ದೊಡ್ಡದಲ್ಲ ಬಿಡು. ನಿಂದು ನಾಲ್ಕು ಐತಲ್ಲ."

ಅವಳ ಗುಟ್ಟು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹೇಳಿದರೆ, ಹಾಗಾದರೆ ನಿನ್ನ ಕೈಗೆ ಏನು ತಿಳಿಯುತ್ತದೆ ಎಂದು ಕೇಳುತ್ತಾರೆ. ತನಗೂ ಏನೂ ತಿಳಿಯದೆಂಬುದು ಅವನಿಗೆ ಆಗ ಗೊತ್ತಾಯಿತು. ಗುಟ್ಟು ನುಂಗಿಕೊಂಡ.

ಮರುದಿನ ಬೆಳಗ್ಗೆ ಪಕ್ಕದ ಹಟ್ಟಿಯ ಸಿದ್ದಕ್ಕ ಕುರಿ ಹಿಡಿದು ಬಂದಳು. "ಅಣ್ಣ, ಏಕನಾಥಮ್ಮ ಅದಾಳಾ?"

"ಅದಾಳೆ ಹೋಗು," ಎಂದ ಪಾಲಯ್ಯ ಹಲ್ಲು ಕಡಿಯುತ್ತ. "ಹೆಣ್ಣುಮರಿ ಅಂತಾಳೆ, ಬೇಕಾದ್ರೆ ಬರೆದಿಟ್ಕ."

ಸಿದ್ದಕ್ಕ ಏಕನಾಥಮ್ಮನ ಮನೆ ಹೊಕ್ಕು, ಮುಖವರಳಿಸಿಕೊಂಡು ಹೊರಬಂದಳು. "ಹಂಗೇ ಅಂದ್ಲಣ್ಣ! ನೀವಿಬ್ರೂ ಅಂದ್ಮ್ಯಾಲೆ ಇನ್ನೇನು, ಖಾತ್ರಿ!"

ಎಷ್ಟೋ ದಿನದ ಮೇಲೆ ಪಾಲಯ್ಯನ ಮಾತನ್ನು ಒಬ್ಬರು ನಂಬಿದ್ದರು. ಅದೂ ಅವಳ ಮಾತು.